ಹಳೇ ಹೆವಿ ಡ್ಯೂಟಿ ಕ್ರ್ಯೂ ಕ್ಯಾಬ್ ಪಿಕಪ್, ಅದರಲ್ಲೂ ಆರು ಸಿಲಿಂಡರಿನದು: ಅಮೆರಿಕದಲ್ಲಿ ಹುಡುಕುವವರಿಗೆ ಸಮಗ್ರ ಮಾರ್ಗದರ್ಶಿ

ಈ ಗಾಡಿಯಲ್ಲಿ ಅಪರೂಪದ್ದು ಎಂಜಿನ್ ಅಲ್ಲ, ಕ್ಯಾಬ್, ಅಂದರೆ ಜನ ಕೂರುವ ಭಾಗ. ಕ್ರ್ಯೂ ಕ್ಯಾಬ್ ಎಂದರೆ ಹಿಂದೆಯೂ ಸೀಟಿದ್ದು ನಾಲ್ಕು ಬಾಗಿಲಿರುವುದು. ಇಷ್ಟು ತಲೆಯಲ್ಲಿದ್ದರೆ ಹುಡುಕಾಟದ ಅರ್ಧ ಗೋಜಲು ಕಡಿಮೆಯಾಗುತ್ತದೆ. ಹಳೆಯ ಆರು ಸಿಲಿಂಡರ್ ಎಂಜಿನ್ನುಗಳು ಅಮೆರಿಕದ ಗುಜರಿ ಅಂಗಳಗಳಲ್ಲಿ ಇವತ್ತಿಗೂ ಸಿಗುತ್ತವೆ. ನಾಲ್ಕು ಬಾಗಿಲಿನ, ಒಂದು ಟನ್ ಹೊರುವ ದರ್ಜೆಯ, ತುಕ್ಕು ತಿನ್ನದ ಕ್ಯಾಬ್ ಸಿಗುವುದೇ ಕಷ್ಟ. ಆದರೂ ಬಹಳ ಜನ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿ ಮರುಳಾಗುತ್ತಾರೆ, ಕ್ಯಾಬಿನ ಮೂಲೆಗೆ ಬೆರಳಿಟ್ಟು ನೋಡುವುದಿಲ್ಲ.

ಟೆಕ್ಸಸ್ಸೋ ವಾಷಿಂಗ್ಟನ್ನೋ, ಊರಾಚೆ ನಾಲ್ಕಾರು ಎಕರೆ ಕೊಂಡು ಹುಲ್ಲಿನ ಪಿಂಡಿ, ಟ್ರ್ಯಾಕ್ಟರು, ಟ್ರೇಲರು ಎಂದು ಓಡಾಡುವ ಕನ್ನಡದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಮಂದಿಯೆಲ್ಲ ಕೂರಬೇಕು, ಹಿಂದೆ ಭಾರ ಎಳೆಯಬೇಕು, ಕೆಟ್ಟರೆ ಮನೆಯಲ್ಲೇ ಪಾನಾ ಹಿಡಿಯುವಂತಿರಬೇಕು ಎನ್ನುವವರಿಗೆ ಇದು. ಊರಿಗೆ ತರಿಸುವ ಆಸೆಯಿದ್ದರೆ ಇಲ್ಲೇ ಬಿಟ್ಟುಬಿಡಿ. ಭಾರತದ ನಿಯಮದ ಪ್ರಕಾರ ಸಾಮಾನ್ಯವಾಗಿ ಆಮದಾಗುವ ಹಳೇ ವಾಹನ ತಯಾರಾಗಿ 3 ವರ್ಷ ದಾಟಿರಬಾರದು, ಸ್ಟೇರಿಂಗ್ ಬಲಗಡೆಯೇ ಇರಬೇಕು.

ಮೊದಲು ಯಾವ ಗಾಡಿ ಎಂದು ತೀರ್ಮಾನಿಸಿ

ಪೆಟ್ರೋಲಾ ಡೀಸೆಲ್ಲಾ ಎಂಬುದೇ ಮೊದಲ ಪ್ರಶ್ನೆ.

ಪೆಟ್ರೋಲ್ ಕಡೆ ನನ್ನ ಮತ ಫೋರ್ಡ್ 300ಕ್ಕೆ. 300 ಘನ ಇಂಚು ಎಂದರೆ 4.9 ಲೀಟರ್, ಆರೂ ಸಿಲಿಂಡರು ಒಂದೇ ಸಾಲಿನಲ್ಲಿ. 1965ರಿಂದ 1996ರವರೆಗೆ ತಯಾರಾಯಿತು. ಕ್ರ್ಯಾಂಕ್ ಶಾಫ್ಟಿಗೆ ಏಳು ಮೇನ್ ಬೇರಿಂಗ್. ಟೈಮಿಂಗ್ ಚೈನಾಗಲಿ ಬೆಲ್ಟಾಗಲಿ ಇಲ್ಲ, ಗೇರಿಗೆ ಗೇರು ಕಚ್ಚಿ ಕ್ಯಾಮ್ ತಿರುಗುತ್ತದೆ. 1987ರಿಂದ ಫ್ಯೂಯೆಲ್ ಇಂಜೆಕ್ಷನ್ ಬಂತು. ಶಕ್ತಿ ಕೇಳಿದರೆ ನಗು ಬರಬಹುದು: ಸುಮಾರು 150 ಎಚ್‌ಪಿ. ಆದರೆ ಟಾರ್ಕ್ 260 ಪೌಂಡ್-ಅಡಿ ಆಸುಪಾಸು, ಅದೂ 2000 ಆರ್‌ಪಿಎಂ ಹತ್ತಿರವೇ. ಹೆದ್ದಾರಿಯಲ್ಲಿ ಯಾರನ್ನೂ ಹಿಂದೆ ಹಾಕುವುದಿಲ್ಲ, ಕೆಸರಿನ ಹೊಲದಿಂದ ಹುಲ್ಲಿನ ಗಾಡಿಯನ್ನು ಗೊಣಗದೆ ಎಳೆದು ತರುತ್ತದೆ. ಇದನ್ನು ಹೊತ್ತ, ಫೋರ್ಡಿನ ಒಂದು ಟನ್ನಿನ ಎಫ್-350 ಕ್ರ್ಯೂ ಕ್ಯಾಬ್‌ಗಳು ಇವೆ, ಆದರೆ ಕಡಿಮೆ. ಒಂದು ಟನ್ನಿನ ಗಾಡಿ ಕೊಳ್ಳುವವರು ಸಾಮಾನ್ಯವಾಗಿ ಎಂಟು ಸಿಲಿಂಡರಿನ ವಿ8 ಅಥವಾ ಡೀಸೆಲ್ ಹಾಕಿಸುತ್ತಿದ್ದರು. ಆರು ಸಿಲಿಂಡರಿನದು ಹೆಚ್ಚಾಗಿ ಹೋಗಿದ್ದು ಸರ್ಕಾರಿ ಇಲಾಖೆಗಳಿಗೆ, ಕಡಿಮೆ ಖರ್ಚು ನೋಡುವ ಕಂಪನಿಗಳಿಗೆ.

ಎರಡನೆಯದು ಷೆವ್ರೊಲೆ 292. ಇದಕ್ಕೂ ಟೈಮಿಂಗ್ ಗೇರೇ. 1973ರಲ್ಲಿ ಬಂದ ಚೌಕ ಮೈಕಟ್ಟಿನ ಸಿ30 ಕ್ರ್ಯೂ ಕ್ಯಾಬ್‌ನಲ್ಲಿ ಸಿಗುತ್ತದೆ. ಆ ಮೈಕಟ್ಟಿನ ಕ್ರ್ಯೂ ಕ್ಯಾಬ್ 1991ರವರೆಗೂ ನಡೆಯಿತು. ಗಟ್ಟಿ ಎಂಜಿನ್, ಆದರೆ ಕಾರ್ಬ್ಯುರೇಟರ್ ಜೊತೆ ಬಾಳುವ ತಾಳ್ಮೆ ಬೇಕು.

ಡಾಡ್ಜ್‌ನ 225 ಸ್ಲ್ಯಾಂಟ್ ಸಿಕ್ಸ್ ಸಾಯದ ಎಂಜಿನ್ ಎಂದು ಹೆಸರಾದದ್ದು, ನಿಜ. ಆದರೆ ಕ್ರ್ಯೂ ಕ್ಯಾಬ್ ತೂಕಕ್ಕೆ ಅದು ಸಾಲದು ಎಂಬುದು ನನ್ನ ಅಭಿಪ್ರಾಯ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1957ರಲ್ಲೇ ಟ್ರಾವಲೆಟ್ ಎಂಬ ಹೆಸರಿನಲ್ಲಿ ಇಂಥ ಕ್ಯಾಬ್ ಮಾಡಿತ್ತು. ಚೆಂದದ ಗಾಡಿ; ದಿನದ ಕೆಲಸಕ್ಕೆ ಇಟ್ಟುಕೊಳ್ಳಲು ಬಿಡಿಭಾಗ ಸಿಗುವುದಿಲ್ಲ.

ಡೀಸೆಲ್ ಎಂದರೆ ಕಮ್ಮಿನ್ಸ್ 5.9, ಬೇರೆ ಮಾತಿಲ್ಲ. ನಮ್ಮ ಹೆದ್ದಾರಿಗಳಲ್ಲಿ ಓಡಿದ ಟಾಟಾ 1613, 2515 ಲಾರಿಗಳ ಹೆಸರಿನ ಪಕ್ಕದಲ್ಲಿ ಟಿಸಿ ಎಂದಿರುತ್ತಿತ್ತಲ್ಲ, ಅದು ಟಾಟಾ ಕಮ್ಮಿನ್ಸ್. ಜಮ್ಶೆಡ್‌ಪುರದಲ್ಲಿ ತಯಾರಾಗಿ ಅವುಗಳೊಳಗೆ ಕೂತದ್ದು ಇದೇ 6ಬಿಟಿ ಕುಟುಂಬದ ಎಂಜಿನ್. ಲಾರಿಯ ಎಂಜಿನ್ನನ್ನು ಪಿಕಪ್ಪಿಗೆ ಕೂರಿಸಿದ್ದರಿಂದಲೇ ಅದಕ್ಕೆ ಅಷ್ಟು ಬಾಳಿಕೆ. ಡಾಡ್ಜ್ 1989ರ ಮಾಡೆಲ್‌ನಲ್ಲಿ ಇದನ್ನು ಹಾಕಲು ಶುರು ಮಾಡಿತು.

ಒಂದು ತೊಡಕಿದೆ. ಡಾಡ್ಜ್ ತನ್ನ ಹಳೆಯ ಕ್ರ್ಯೂ ಕ್ಯಾಬನ್ನು 1985ರಲ್ಲೇ ನಿಲ್ಲಿಸಿತ್ತು. ಹಾಗಾಗಿ ಎಲ್ಲರೂ ಹಾಡಿಹೊಗಳುವ 12 ವಾಲ್ವಿನ ಕಮ್ಮಿನ್ಸ್ ಕಾಲದಲ್ಲಿ, ಅಂದರೆ 1989ರಿಂದ 1998ರ ನಡುವೆ, ಕಂಪನಿಯಿಂದಲೇ ಬಂದ ನಿಜವಾದ ನಾಲ್ಕು ಬಾಗಿಲಿನ ಡಾಡ್ಜ್ ರ್‍ಯಾಮ್ ಇಲ್ಲ. ಯಾರಾದರೂ ‘1996ರ 12 ವಾಲ್ವ್ ಕ್ರ್ಯೂ ಕ್ಯಾಬ್’ ಎಂದು ಜಾಹೀರಾತು ಹಾಕಿದ್ದರೆ ಎರಡೇ ಸಾಧ್ಯತೆ. ಎರಡೇ ಬಾಗಿಲಿನ, ಹಿಂದೆ ಕಿರಿದಾದ ಸೀಟಿರುವ ಕ್ಲಬ್ ಕ್ಯಾಬನ್ನೇ ತಪ್ಪಾಗಿ ಹಾಗೆ ಕರೆದಿದ್ದಾರೆ, ಇಲ್ಲವೇ ಎರಡು ಗಾಡಿ ಸೇರಿಸಿ ಒಂದು ಮಾಡಿದ್ದಾರೆ. 1998ರಿಂದ ಬಂದ ಕ್ವಾಡ್ ಕ್ಯಾಬಿಗೂ ಹಿಂದಿನ ಬಾಗಿಲು ಉಲ್ಟಾ ತೆರೆಯುತ್ತದೆ. ಮುಂದಿನದನ್ನು ತೆರೆಯದೆ ಅದನ್ನು ತೆರೆಯುವಂತಿಲ್ಲ. ಹೆವಿ ಡ್ಯೂಟಿ ರ್‍ಯಾಮಿಗೆ ಸರಿಯಾದ ನಾಲ್ಕು ಬಾಗಿಲು ಬಂದದ್ದು 2003ರಲ್ಲಿ. ಡೀಸೆಲ್ ಬೇಕು, ಕೂಡಿಸಿ ಕಟ್ಟಿದ್ದು ಬೇಡ ಎನ್ನುವವರು 2003ರಿಂದ 2007ರ ಮೊದಲರ್ಧದವರೆಗಿನ 2500 ಅಥವಾ 3500 ಕ್ವಾಡ್ ಕ್ಯಾಬ್ ಹುಡುಕಬೇಕು. ಅದಾದ ಮೇಲೆ 6.7 ಲೀಟರ್ ಎಂಜಿನ್ ಬಂತು, ಜೊತೆಗೆ ಹೊಗೆ ಸೋಸುವ ಡಿಪಿಎಫ್ ಬಂತು, ತಲೆನೋವೂ ಬಂತು.

ಎಲ್ಲಿ ಹುಡುಕಬೇಕು

ನಕ್ಷೆ ಮುಂದಿಟ್ಟುಕೊಂಡು ಶುರು ಮಾಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಕಡೆಯ ಗಾಡಿಗಳನ್ನು ಫೋಟೊದಲ್ಲೇ ಬಿಟ್ಟುಬಿಡಿ. ಅರಿಜೋನಾ, ನ್ಯೂ ಮೆಕ್ಸಿಕೊ, ಪಶ್ಚಿಮ ಟೆಕ್ಸಸ್, ಪೂರ್ವ ಆರೆಗಾನ್, ಪೂರ್ವ ವಾಷಿಂಗ್ಟನ್, ಇಡಾಹೊ ಕಡೆಯವು ಬಿಸಿಲಿಗೆ ಬಣ್ಣ ಕಳೆದುಕೊಂಡಿರುತ್ತವೆ, ಡ್ಯಾಶ್‌ಬೋರ್ಡ್ ಬಿರಿದಿರುತ್ತದೆ, ಸೀಟು ಹರಿದಿರುತ್ತದೆ. ಅದೆಲ್ಲ ರಿಪೇರಿಯಾಗುವ ಕೆಲಸ. ಸಾವಿರ ಮೈಲಿ ದೂರದಿಂದ ಒಣ ಗಾಡಿ ತರುವ ಖರ್ಚು, ಪಕ್ಕದ ಊರಿನ ತುಕ್ಕು ಹಿಡಿದ ಗಾಡಿಗೆ ತಗಡು ಬೆಸೆಯುವ ಖರ್ಚಿಗಿಂತ ಕಡಿಮೆಯೇ.

ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎಲ್ಲರೂ ನೋಡುವ ಜಾಗ. ಅಲ್ಲಿ ಹುಡುಕುವಾಗ ‘ಕ್ರ್ಯೂ ಕ್ಯಾಬ್’ ಎಂದಷ್ಟೇ ಟೈಪ್ ಮಾಡಿದರೆ ಒಳ್ಳೊಳ್ಳೆಯವು ತಪ್ಪಿಹೋಗುತ್ತವೆ. ಹಳ್ಳಿಯ ಅಜ್ಜನೊಬ್ಬ ತನ್ನ ಗಾಡಿಯನ್ನು ‘ಫೋರ್ ಡೋರ್’ ಎಂದು ಬರೆದಿರುತ್ತಾನೆ. ಎಂಜಿನ್ ‘300’, ‘4.9’, ‘ಸ್ಟ್ರೈಟ್ ಸಿಕ್ಸ್’, ‘ಇನ್‌ಲೈನ್ ಸಿಕ್ಸ್’, ‘6 ಸಿಲ್’ ಹೀಗೆ ಯಾವ ಹೆಸರಿನಲ್ಲಾದರೂ ಇರಬಹುದು. ಎರಡು ಪದ ಸೇರಿಸಿ ಬರೆದದ್ದು, ಕಾಗುಣಿತ ತಪ್ಪಿದ್ದು, ಎಲ್ಲವನ್ನೂ ಹಾಕಿ ನೋಡಿ.

ಆರು ಸಿಲಿಂಡರಿನ ಕ್ರ್ಯೂ ಕ್ಯಾಬಿಗೆ ಇದಕ್ಕಿಂತ ಒಳ್ಳೆಯ ದಾರಿ ಸರ್ಕಾರಿ ಹರಾಜು. ಗವ್‌ಡೀಲ್ಸ್, ಪಬ್ಲಿಕ್ ಸರ್ಪ್ಲಸ್, ಜಿಎಸ್‌ಎ ಆಕ್ಷನ್ಸ್ ಮೂರನ್ನೂ ವಾರಕ್ಕೊಮ್ಮೆ ನೋಡುತ್ತಿರಿ. ನೀರು, ರಸ್ತೆ, ಅರಣ್ಯ, ರೈಲ್ವೆ ಕೆಲಸಗಾರರ ತಂಡವನ್ನು ಒಯ್ಯಲೆಂದೇ ಹುಟ್ಟಿದ ಗಾಡಿ ಇದು. ಅವರಿಂದ ಇಂಥವನ್ನು ಕೊಂಡು ಎರಡನೇ ಸುತ್ತು ಓಡಿಸುವವರು ರೈತರು, ಚರ್ಚುಗಳು, ಸಣ್ಣ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಗಳು. ಅಗ್ನಿಶಾಮಕ ದಳದ ಗಾಡಿ ಸಿಕ್ಕರೆ ಓಡಿದ್ದು ಕಡಿಮೆ, ಒಳಗೆ ನಿಂತದ್ದು ಹೆಚ್ಚು. ರಬ್ಬರು ಒಣಗಿರುತ್ತದೆ, ತಗಡು ಚೆನ್ನಾಗಿರುತ್ತದೆ.

ಹೊರಡುವ ಮೊದಲು ಸಂಖ್ಯೆ ಓದಿ

ವಿನ್ (ಗಾಡಿಯ ಗುರುತಿನ) ಸಂಖ್ಯೆಯ ಫೋಟೊ ಕಳಿಸದ ಮಾರಾಟಗಾರನ ಮನೆಗೆ ಹೋಗಬೇಡಿ. 1981ರಿಂದ ಈಚೆಗೆ ಅದು 17 ಅಕ್ಷರ ಉದ್ದ, ಎಂಟನೆಯದು ಎಂಜಿನ್ ಯಾವುದೆಂದು ಹೇಳುತ್ತದೆ. ಇಂಜೆಕ್ಷನ್ ಕಾಲದ ಫೋರ್ಡಿನಲ್ಲಿ ಎಂಟನೆಯದು ‘ವೈ’ ಆಗಿದ್ದರೆ 4.9, ‘ಎಚ್’ ಆಗಿದ್ದರೆ 5.8 ವಿ8. ಅದೇ ಸಂಖ್ಯೆಯ ಐದರಿಂದ ಏಳನೆಯ ಜಾಗದಲ್ಲಿ ‘ಡಬ್ಲ್ಯೂ35’ ಇದ್ದರೆ ಎರಡು ಚಕ್ರ ಎಳೆಯುವ ಎಫ್-350 ಕ್ರ್ಯೂ ಕ್ಯಾಬ್, ‘ಡಬ್ಲ್ಯೂ36’ ಇದ್ದರೆ ನಾಲ್ಕು ಚಕ್ರದ್ದು. ‘ಎಕ್ಸ್’ನಿಂದ ಶುರುವಾದರೆ ಅದು ಸೂಪರ್ ಕ್ಯಾಬ್, ಕ್ರ್ಯೂ ಕ್ಯಾಬ್ ಎಂದು ಯಾರೇ ಪ್ರಮಾಣ ಮಾಡಿದರೂ ಕಂಪನಿ ಹಾಗೆ ಕಟ್ಟಿರಲಿಲ್ಲ. ಷೆವ್ರೊಲೆಯಾದರೆ ಗ್ಲೋವ್ ಬಾಕ್ಸಿನ ಒಳಗೆ ಅಂಟಿಸಿದ ಚೀಟಿ ನೋಡಿ. ‘ಎಲ್25’ ಎಂದಿದ್ದರೆ 292. ಡಾಡ್ಜ್‌ನಲ್ಲಿ 1998 ಗೊಂದಲದ ವರ್ಷ, ಎರಡೂ ಬಗೆಯ ಕಮ್ಮಿನ್ಸ್ ಬಂದವು: ಎಂಟನೆಯ ಜಾಗದಲ್ಲಿ ‘ಡಿ’ ಇದ್ದರೆ 12 ವಾಲ್ವ್, ‘6’ ಇದ್ದರೆ 24.

ಕಳವಿನ ಗಾಡಿಯೋ ಎಂದು ವಿಮೆ ಕಂಪನಿಗಳ ಅಪರಾಧ ತಡೆ ಸಂಸ್ಥೆಯಾದ ಎನ್‌ಐಸಿಬಿಯ ತಾಣದಲ್ಲಿ ಪುಕ್ಕಟೆ ನೋಡಬಹುದು. ಮೈಲಿ ಲೆಕ್ಕವನ್ನು ಮಾತ್ರ ನಂಬಬೇಡಿ. 80ರ ದಶಕದ ಗಾಡಿಗಳ ಓಡೋಮೀಟರಿಗೆ ಐದೇ ಅಂಕಿ. 62,000 ಎಂದು ತೋರಿಸುವುದು 1,62,000ವೂ ಆಗಿರಬಹುದು, 2,62,000ವೂ ಆಗಿರಬಹುದು. ಇಷ್ಟು ಹಳೆಯ ಗಾಡಿಗೆ ಮಾರಾಟಗಾರ ಓಡೋಮೀಟರ್ ಘೋಷಣೆ ಕೊಡಬೇಕೆಂಬ ಕಾನೂನೂ ಇಲ್ಲ. ಬ್ರೇಕ್ ಪೆಡಲಿನ ರಬ್ಬರು, ಚಾಲಕನ ಬಾಗಿಲಿನ ಕೀಲು, ಸೀಟಿನ ಎಡ ಅಂಚು ಹೆಚ್ಚು ನಿಜ ಹೇಳುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸುವವರು ಇನ್ನೊಂದು ಲೆಕ್ಕ ಹಾಕಿ. ಅಲ್ಲಿ 1976 ಮತ್ತು ಈಚಿನ ಪೆಟ್ರೋಲ್ ಗಾಡಿಗೆ ಸ್ಮಾಗ್ (ಹೊಗೆ ಮಾಲಿನ್ಯ) ಪರೀಕ್ಷೆ ತಪ್ಪದು. ಡೀಸೆಲ್‌ನಲ್ಲಿ 1997 ಮತ್ತು ಅದಕ್ಕೂ ಹಳೆಯದಕ್ಕೆ ವಿನಾಯಿತಿ, 1998ರಿಂದ ಪರೀಕ್ಷೆ.

ಫೋನಿನಲ್ಲಿ ಕೊನೆಯದಾಗಿ ಒಂದು ಮಾತು ಹೇಳಿ: ‘ನಾನು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ.’

ಗಾಡಿ ಎದುರು: ಮೊದಲು ತಗಡು

ಒಂದು ಆಯಸ್ಕಾಂತ, ಟಾರ್ಚು, ಉದ್ದನೆಯ ಸ್ಕ್ರೂ ಡ್ರೈವರು, ನೆಲಕ್ಕೆ ಹಾಸಿ ಮಲಗಲು ಹಳೇ ಬಟ್ಟೆ ತೆಗೆದುಕೊಂಡು ಹೋಗಿ. ಎಂಜಿನ್ ಕಡೆ ಆಮೇಲೆ ಹೋದರಾಯಿತು.

ಹಿಂದಿನ ಬಾಗಿಲುಗಳ ಕೆಳಗಿನಿಂದ ಶುರು ಮಾಡಿ. ಕ್ಯಾಬಿನ ಹಿಂಮೂಲೆ, ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ ಪಟ್ಟಿ, ಇವೆರಡೂ ಒಳಗಿನಿಂದ ಕೊಳೆಯುವ ಜಾಗಗಳು. ಆಯಸ್ಕಾಂತ ಅಂಟದಿದ್ದರೆ ಅಲ್ಲಿ ಬಣ್ಣದಡಿ ಪುಟ್ಟಿ ತುಂಬಿದ್ದಾರೆ. ರಬ್ಬರ್ ಮ್ಯಾಟ್ ಎತ್ತಿ ನೆಲ ನೋಡಿ. ಆಮೇಲೆ ಕೆಳಗೆ ಮಲಗಿ, ಕ್ಯಾಬನ್ನು ಚಾಸಿಗೆ ಕೂರಿಸುವ ಮೌಂಟುಗಳನ್ನು ಸ್ಕ್ರೂ ಡ್ರೈವರಿನಿಂದ ತಿವಿಯಿರಿ. ಪುಡಿಯಾಗಿ ಉದುರಿದರೆ ಎದ್ದು ನಮಸ್ಕಾರ ಹೇಳಿ ಬಂದುಬಿಡಿ, ಬೆಲೆ ಎಷ್ಟೇ ಕಡಿಮೆಯಾಗಲಿ.

ಯಾಕಿಷ್ಟು ಕಟ್ಟುನಿಟ್ಟು ಎಂದರೆ, ಮುಂಭಾಗದ ಫೆಂಡರ್, ಬಾನೆಟ್, ರೇಡಿಯೇಟರ್ ಗ್ರಿಲ್ ಎಲ್ಲ ಮಾಮೂಲಿ ಪಿಕಪ್ಪಿನದೇ; ಎಲ್ಲೆಲ್ಲೂ ಸಿಗುತ್ತವೆ. ಹಿಂದಿನ ಬಾಗಿಲು, ಅದರ ಗಾಜು, ಅಂಚಿನ ರಬ್ಬರು, ಹಿಂದಿನ ಸೀಟು ಕ್ರ್ಯೂ ಕ್ಯಾಬಿಗೆ ಮಾತ್ರ ಸೇರಿದವು. ಒಂದು ಬಾಗಿಲಿಗಾಗಿ ಇಡೀ ಗಾಡಿ ಕೊಂಡವರಿದ್ದಾರೆ.

ಫೋರ್ಡಿನಲ್ಲಿ ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಗೆ ನೇತಾಡುವ ಹ್ಯಾಂಗರ್‌ಗಳು, ರೇಡಿಯೇಟರ್ ಹೊರುವ ಅಡ್ಡಪಟ್ಟಿ ಕೊಳೆಯುವುದು ಹೆಸರುವಾಸಿ. ಹ್ಯಾಂಗರ್ ಬದಲಿಸಬಹುದು, ಚೌಕಾಸಿಗೆ ಒಳ್ಳೆಯ ಅಸ್ತ್ರ. ನಾಲ್ಕು ಚಕ್ರ ಎಳೆಯುವ ಷೆವ್ರೊಲೆಯಲ್ಲಿ ಸ್ಟೇರಿಂಗ್ ಬಾಕ್ಸ್ ಬೋಲ್ಟ್ ಮಾಡಿರುವ ಕಡೆ ಚಾಸಿ ಬಿರುಕು ಬಿಡುತ್ತದೆ. ಗ್ರೀಸು ಒರೆಸಿ, ಟಾರ್ಚ್ ಬಿಟ್ಟು ನೋಡಿ.

ಮನೆಯಲ್ಲಿ ಮಕ್ಕಳಿದ್ದರೆ ಹಿಂದಿನ ಸೀಟ್ ಬೆಲ್ಟನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಹಳೆಯ ಕ್ರ್ಯೂ ಕ್ಯಾಬ್‌ಗಳಲ್ಲಿ ಹಿಂದೆ ಸೊಂಟದ ಪಟ್ಟಿ ಮಾತ್ರ ಇರುವುದು ಸಾಮಾನ್ಯ. ಬೂಸ್ಟರ್ ಸೀಟಿನಲ್ಲಿ ಕೂರುವ ವಯಸ್ಸಿನ ಮಗುವಿಗೆ ಭುಜದ ಪಟ್ಟಿಯೂ ಬೇಕೇ ಬೇಕು, ಸೊಂಟದ್ದೊಂದೇ ಸಾಲದು. ಮಕ್ಕಳ ಸೀಟು ಕೊಂಡಿ ಹಾಕುವ ಲ್ಯಾಚ್ ವ್ಯವಸ್ಥೆ ಕಡ್ಡಾಯವಾದದ್ದೇ 2002ರ ಸೆಪ್ಟೆಂಬರಿನಲ್ಲಿ. ಶಾಲೆಗೆ ಬಿಡುವ ಗಾಡಿಯೂ ಇದೇ ಆಗಬೇಕೆಂದರೆ ನನ್ನ ಸಲಹೆ 2003ರ ನಂತರದ ರ್‍ಯಾಮ್.

ಎಂಜಿನ್

ಈಗ ಬಾನೆಟ್ ಎತ್ತಿ. ಬ್ಲಾಕಿಗೆ ಕೈಯಿಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆ, ಏನನ್ನೋ ಮುಚ್ಚಿಡುತ್ತಿದ್ದಾರೆ.

ಫೋರ್ಡ್ 300ರಲ್ಲಿ ತಣ್ಣಗಿರುವಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದಂತೆ ಕಡಿಮೆಯಾದರೆ ಅದು ಹೆಚ್ಚಾಗಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಅಥವಾ ಮುರಿದ ಬೋಲ್ಟು. ಹೆದರಬೇಕಿಲ್ಲ. ಪಕ್ಕದ ತಗಡಿನ ಮುಚ್ಚಳದಿಂದ ಆಯಿಲ್ ಜಿನುಗುವುದೂ ಅದರ ಹುಟ್ಟುಗುಣ. ಹೆದರಬೇಕಾದದ್ದು ಬಿಸಿಯಾದ ಮೇಲೆ ಕೆಳಗಿನಿಂದ ಬರುವ ದಪ್ಪ ಸದ್ದಿಗೆ. 1987ರ ನಂತರದ ಫೋರ್ಡಿನ ಆಯಿಲ್ ಪ್ರೆಶರ್ ಮುಳ್ಳು ಬರೀ ತೋರಿಕೆಯದು. ಒಳಗೆ ಸ್ವಿಚ್ ಇದೆ. ಒಂದಿಷ್ಟು ಒತ್ತಡವಿದ್ದರೆ ಸಾಕು, ಮುಳ್ಳು ನಡುವೆ ಬಂದು ನಿಲ್ಲುತ್ತದೆ. ನಿಜವಾದ ಒತ್ತಡ ಬೇಕಾದರೆ ಕೈ ಮೀಟರನ್ನೇ ಹಾಕಿ ನೋಡಬೇಕು. ಎರಡು ಟ್ಯಾಂಕ್ ಇರುವ ಗಾಡಿಯಲ್ಲಿ ಬದಲಾಯಿಸಿ ಬದಲಾಯಿಸಿ ಓಡಿಸಿ. ಒಂದರಿಂದ ಎಳೆದ ಪೆಟ್ರೋಲು ಇನ್ನೊಂದಕ್ಕೆ ತುಂಬಿ ಚೆಲ್ಲುವ ಕಾಯಿಲೆ ಇವಕ್ಕಿದೆ.

ಕಮ್ಮಿನ್ಸಿನಲ್ಲಿ ವರ್ಷಕ್ಕೊಂದು ಜಾತಕ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲೇ ತಲೆಕೆಳಗಾಗಿ ಇಡಿ. ಕುಣಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿವೆ. 12 ವಾಲ್ವಿನದರಲ್ಲೂ 24 ವಾಲ್ವಿನ ಮೊದಲ ಕೆಲವು ವರ್ಷಗಳದ್ದರಲ್ಲೂ ಟೈಮಿಂಗ್ ಕೇಸಿನ ಒಳಗೆ ಒಂದು ಸಣ್ಣ ಡೋವೆಲ್ ಪಿನ್ ಇದೆ. ಅದು ಸಡಿಲಾಗಿ ಗೇರಿನ ನಡುವೆ ಬಿದ್ದರೆ ಎಂಜಿನ್ ಮುಗಿಯಿತು. ಅದನ್ನು ತಡೆಯುವ ಪಟ್ಟಿ ಹಾಕಿಸಿದ್ದೀರಾ ಎಂದು ಕೇಳಿ. ಪ್ರಶ್ನೆಯೇ ಅರ್ಥವಾಗದವನು ಹಾಕಿಸಿರುವುದಿಲ್ಲ.

1998ರ ಮಧ್ಯದಿಂದ 2002ರವರೆಗಿನ 24 ವಾಲ್ವಿನಲ್ಲಿ ಎರಡು ಅಪಾಯ. ಒಂದು, ಬ್ಲಾಕಿನ ಪಕ್ಕದಲ್ಲಿ ಅಚ್ಚಾದ ದೊಡ್ಡ ‘53’ ಅಂಕಿ. ಆ ಬ್ಲಾಕುಗಳಲ್ಲಿ ಕೂಲಂಟ್ ಸುತ್ತುವ ಗೋಡೆ ಬಿರಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇನ್ನೊಂದು, ವಿಪಿ44 ಇಂಜೆಕ್ಷನ್ ಪಂಪು. ಡೀಸೆಲನ್ನು ಅದಕ್ಕೆ ದೂಡುವ ಸಣ್ಣ ಲಿಫ್ಟ್ ಪಂಪು ಸೋತರೆ ಈ ದುಬಾರಿ ಪಂಪು ಒಣಗಿ ಸಾಯುತ್ತದೆ. ಡೀಸೆಲ್ ಒತ್ತಡದ ಮೀಟರು ಹಾಕಿಸಿಕೊಂಡ ಮಾಲೀಕ ಸಿಕ್ಕರೆ ಅವನು ಗಾಡಿ ನೋಡಿಕೊಂಡಿದ್ದಾನೆ ಎಂದರ್ಥ. ಪೂರ್ತಿ ಎಕ್ಸಲರೇಟರ್ ಒತ್ತಿದಾಗಲೂ ಅದು 10 ಪಿಎಸ್‌ಐಗಿಂತ ಕೆಳಗಿಳಿಯಬಾರದು. 2003ರಿಂದ ಬಂದ, ಕಾಮನ್ ರೈಲ್ ಎಂಬ ಹೊಸ ಇಂಜೆಕ್ಷನ್‌ನಲ್ಲಿ ಪಂಪು ಗಟ್ಟಿ, ಇಂಜೆಕ್ಟರುಗಳು ದುಬಾರಿ. ತಣ್ಣನೆಯ ಸ್ಟಾರ್ಟ್ ತಡವಾದರೆ, ಬಿಳಿ ಹೊಗೆ ನಿಲ್ಲದಿದ್ದರೆ ಆರು ಇಂಜೆಕ್ಟರಿನ ಬೆಲೆಯನ್ನು ಮನಸ್ಸಿನಲ್ಲೇ ಕಳೆದು ಚೌಕಾಸಿ ಮಾಡಿ.

ಕಮ್ಮಿನ್ಸ್ ಒಂದೇ ಸುಮಾರು 500 ಕಿಲೊ ತೂಗುತ್ತದೆ. ಅಷ್ಟನ್ನೂ ಹೊತ್ತ ಮುಂಭಾಗದಲ್ಲಿ ಟ್ರ್ಯಾಕ್ ಬಾರ್, ಬಾಲ್ ಜಾಯಿಂಟ್ ಸವೆಯದೆ ಇರುವುದಿಲ್ಲ. ಗಂಟೆಗೆ 50 ಮೈಲಿ ವೇಗದಲ್ಲಿ ಗುಂಡಿ ಹಾರಿದ ಮೇಲೆ ಸ್ಟೇರಿಂಗ್ ಗಡಗಡ ನಡುಗಿದರೆ ಅದೇ ಕಾರಣ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಈ ಎಂಜಿನ್ನಿನ ಬಲಕ್ಕೆ ಸದಾ ಸೋಲುತ್ತಲೇ ಬಂದಿದೆ. ಕೈಗೇರಿನದು ಸಿಕ್ಕರೆ ಅದನ್ನೇ ಹಿಡಿಯಿರಿ.

ಒಳ್ಳೆಯ ಕ್ಯಾಬ್ ಸಿಕ್ಕಿತು, ಎಂಜಿನ್ ಬೇರೆ

ಹೆಚ್ಚಿನವರ ಹುಡುಕಾಟ ಬಂದು ನಿಲ್ಲುವುದು ಇಲ್ಲೇ. ಒಣ ಸೀಮೆಯ ಅಚ್ಚುಕಟ್ಟಾದ ಎಫ್-350 ಕ್ರ್ಯೂ ಕ್ಯಾಬ್, ಒಳಗೆ ಸುಸ್ತಾದ 5.8 ವಿ8. ಕೊಳ್ಳಿ. ಫೋರ್ಡ್ 300ರ ಹಿಂಭಾಗದಲ್ಲಿ ಗೇರ್‌ಬಾಕ್ಸ್ ಕೂರುವ ಬೋಲ್ಟ್ ತೂತುಗಳ ಅಳತೆ ಮತ್ತು 302, 351 (ಇದೇ 5.8) ವಿಂಡ್ಸರ್ ವಿ8ಗಳದ್ದು ಒಂದೇ. ಹಾಗಾಗಿ ಅದೇ ಗೇರ್‌ಬಾಕ್ಸ್ ಉಳಿಸಿಕೊಂಡು, ಒಂದು ಹಳೇ ಎಫ್-150ಯಿಂದ ಆರು ಸಿಲಿಂಡರಿನ ಎಂಜಿನ್, ಅದರ ಮೌಂಟು, ವೈರಿಂಗ್, ಕಂಪ್ಯೂಟರ್ ಸಮೇತ ತಂದು ಕೂರಿಸಬಹುದು. ದೊಡ್ಡ 460 ವಿ8 ಅಥವಾ 7.3 ಡೀಸೆಲ್ ಇರುವ ಗಾಡಿಯಾದರೆ ಗೇರ್‌ಬಾಕ್ಸ್ ಹೊಂದುವುದಿಲ್ಲ, ಅದನ್ನೂ ಬದಲಿಸಬೇಕು. ಖರ್ಚು ಒಂದೇ ಏಟಿಗೆ ಬೇರೆ ಮಟ್ಟಕ್ಕೆ ಹೋಗುತ್ತದೆ.

ಫೋರ್ಡ್ ಕ್ರ್ಯೂ ಕ್ಯಾಬಿಗೆ 12 ವಾಲ್ವ್ ಕಮ್ಮಿನ್ಸ್ ಕೂರಿಸುವವರೂ ಬಹಳ. ಯಾರೋ ಮಾಡಿ ಮುಗಿಸಿ ಎರಡು ವರ್ಷ ಓಡಿಸಿದ್ದನ್ನು ಕೊಳ್ಳಿ. ‘90 ಭಾಗ ಮುಗಿದಿದೆ’ ಎನ್ನುವ ಗಾಡಿಯಲ್ಲಿ ಉಳಿದ ಹತ್ತು ಭಾಗವೇ ವೈರಿಂಗ್, ಕೂಲಿಂಗ್, ಪ್ರೊಪೆಲ್ಲರ್ ಶಾಫ್ಟ್ ಅಳತೆ, ಅಂದರೆ ಅಸಲಿ ಕೆಲಸವೆಲ್ಲ. ಕ್ಯಾಲಿಫೋರ್ನಿಯಾದಂಥ ಕಡೆ ಯಾವುದೇ ಎಂಜಿನ್ ಬದಲಾವಣೆಗೆ ಮುನ್ನ ಸ್ಮಾಗ್ ನಿಯಮ ಓದಿಕೊಳ್ಳಿ.

ಎಂಜಿನ್ ಯಾವುದೇ ಇರಲಿ, ಹಿಂದಿನ ಆಕ್ಸಲಿನ ಗೇರ್ ಅನುಪಾತವನ್ನು ಬಾಗಿಲ ಚೀಟಿಯ ಕೋಡ್ ನೋಡಿ ತಿಳಿದುಕೊಳ್ಳಿ. ಫೋರ್ಡ್ 300ಕ್ಕೆ 3.55 ಇದ್ದರೆ ಟ್ರೇಲರ್ ಹಾಕಿದಾಗ ಏರಿನಲ್ಲಿ ತಿಣುಕುತ್ತದೆ, 4.10 ಇದ್ದರೆ ಕೆಲಸಕ್ಕೆ ಸರಿ. ಅದೇ ಚೀಟಿಯಲ್ಲಿ ಗಾಡಿಯದೂ ಸೇರಿ ಒಟ್ಟು ತೂಕ ಎಷ್ಟಿರಬಹುದೆಂದೂ ಇರುತ್ತದೆ.

ದುಡ್ಡು ಕೊಡುವಾಗ, ಮನೆಗೆ ತರುವಾಗ

ಟೈಟಲ್ (ಮಾಲೀಕತ್ವದ ಪತ್ರ) ಮೇಲಿನ ಹೆಸರು, ಎದುರಿಗಿರುವವರ ಗುರುತಿನ ಚೀಟಿಯ ಹೆಸರು, ಡ್ಯಾಶ್‌ಬೋರ್ಡ್ ಮೇಲಿನ ವಿನ್, ಬಾಗಿಲ ಚೀಟಿಯ ವಿನ್ ಎಲ್ಲ ತಾಳೆಯಾಗಬೇಕು. ಎರಡು ಗಾಡಿ ಸೇರಿಸಿ ಒಂದು ಮಾಡಿದ್ದರಲ್ಲಿ ಕ್ಯಾಬಿನದೊಂದು ಸಂಖ್ಯೆ, ಚಾಸಿಯದೊಂದು ಸಂಖ್ಯೆ ಇರುತ್ತದೆ. ನೋಂದಣಿಯಲ್ಲಿ ಸಿಕ್ಕಿಬೀಳುವವರು ನೀವು. ಸಾಲ ಬಾಕಿಯಿದ್ದರೆ ಬ್ಯಾಂಕಿನಲ್ಲೇ ಕೂತು ತೀರಿಸಿ. ‘ಟೈಟಲ್ ಕಳೆದುಹೋಗಿದೆ, ಬಿಲ್ ಆಫ್ ಸೇಲ್ ಕೊಡುತ್ತೇನೆ’ ಎಂದರೆ ನಕಲು ಟೈಟಲ್ ಅವರೇ ತೆಗೆಸಿ ಕರೆಯಲಿ.

ಮನೆಯ ಗ್ಯಾರೇಜನ್ನು ಅಳೆದಿದ್ದೀರಾ? ಎಂಟು ಅಡಿ ತೊಟ್ಟಿಯ ಹಳೇ ಫೋರ್ಡ್ ಕ್ರ್ಯೂ ಕ್ಯಾಬಿನ ವೀಲ್‌ಬೇಸೇ 168 ಇಂಚು, ಒಟ್ಟು ಉದ್ದ 20 ಅಡಿ ದಾಟುತ್ತದೆ. ಬಹುತೇಕ ಮನೆಗಳ ಗ್ಯಾರೇಜಿನ ಬಾಗಿಲು ಅದರ ಹಿಂದೆ ಮುಚ್ಚುವುದಿಲ್ಲ.

ದೂರದಿಂದ ಓಡಿಸಿಕೊಂಡು ಬರುವುದಾದರೆ ಟೈರಿನ ಪಕ್ಕದಲ್ಲಿ ‘DOT’ ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ಟೈರಿನ ಗೆರೆ ಎಷ್ಟೇ ಆಳವಾಗಿರಲಿ, ಹತ್ತಿರದ ಊರಿನಲ್ಲೇ ಹೆಚ್ಚು ಭಾರ ತಾಳುವ ‘ಲೋಡ್ ರೇಂಜ್ ಇ’ ಟೈರು ಹಾಕಿಸಿ ಹೊರಡಿ. ಕೂಲಂಟ್, ಬ್ರೇಕ್ ಎಣ್ಣೆ, ಡೀಸೆಲ್ ಫಿಲ್ಟರ್, ರೇಡಿಯೇಟರ್ ಮೆದುಗೊಳವೆ, ಫ್ಯಾನ್ ಬೆಲ್ಟ್ ಎಲ್ಲ ಮೊದಲ ವಾರದಲ್ಲೇ ಹೊಸದಾಗಲಿ. ಟ್ರೇಲರ್ ಕೊಂಡಿ ಹಾಕುವುದು ಅದಾದ ಮೇಲೆ.